ಬೆಳಗಿನ ಐದೂವರೆಯ ಗೇಟು

ನಮ್ಮ ಡಿಪೋದ ಕ್ಯಾಂಟೀನಿನಲ್ಲಿ ಟಿ.ವಿ. ಯಾವಾಗಲೂ ಹಚ್ಚಿಯೇ ಇರುತ್ತದೆ, ಯಾರೂ ನೋಡುವುದಿಲ್ಲ. ನಾನು ಕೂಡ್ಲಿಗಿಯಿಂದ ಉಜ್ಜಿನಿಗೆ ಹೋಗುವ ಮೊದಲ ಬಸ್ಸಿನ ಕಂಡಕ್ಟರ್. ಬಸ್ಸು ಹೊರಡುವ ಮುಂಚೆ ಹತ್ತು ನಿಮಿಷ ಅಲ್ಲಿ ಕೂತು ಚಹಾ ಕುಡಿಯುತ್ತೇನೆ. ಕಳೆದ ತಿಂಗಳು ಒಂದು ಮುಂಜಾನೆ ಹಾಗೆ ಕೂತಿದ್ದಾಗ ಟಿ.ವಿ.ಯಲ್ಲಿ ಪ್ಯಾಲೆಸ್ಟೈನಿನ ಕೂಲಿಕಾರರನ್ನು ತೋರಿಸುತ್ತಿದ್ದರು. ಬೆಳಕು ಹರಿಯುವ ಮುಂಚೆ ಗಡಿ ದಾಟಿ ಕಟ್ಟಡದ ಕೆಲಸಕ್ಕೆ ಹೋಗುವ ಗಂಡಸರು. ಎರಡೂ ಕಡೆ ಕಬ್ಬಿಣದ ಸರಳು, ನಡುವೆ ಒಬ್ಬರು ಹಿಡಿಸುವಷ್ಟು ಓಣಿ, ಅದರಲ್ಲಿ ನೂರಾರು ಜನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತಿದ್ದರು. ಇದು ಕೆಲವು ವರ್ಷದ ಹಿಂದಿನ ಚಿತ್ರ, ಈಗ ಅವರಲ್ಲಿ ಹೆಚ್ಚಿನವರಿಗೆ ದಾಟಲು ಪರವಾನಗಿಯೇ ಇಲ್ಲ ಎಂದು ವಾರ್ತೆ ಓದುವವಳು ಹೇಳುತ್ತಿದ್ದಳು.

ಸಾಲಿನ ತುದಿಯಲ್ಲಿ ಒಂದು ಯಂತ್ರವಿತ್ತು. ಒಬ್ಬ ನಡುವಯಸ್ಸಿನವನು ಅದರ ಮುಂದೆ ಬಂದ. ಕೈ ಚಾಚುವ ಮುಂಚೆ ಬೆರಳುಗಳನ್ನು ಪ್ಯಾಂಟಿಗೆ ಗಸಗಸ ಉಜ್ಜಿದ, ಬಾಯಿಯ ಹತ್ತಿರ ತಂದು ಒಮ್ಮೆ ಉಸಿರು ಬಿಟ್ಟ, ಆಮೇಲೆ ಒತ್ತಿದ.

ನಾನು ಚಹಾ ಅಲ್ಲಿಗೇ ಬಿಟ್ಟೆ. ಅವರ ಕಷ್ಟ ಬೇರೆ. ಅದು ಬಂದೂಕಿನ ಮುಂದೆ ನಿಲ್ಲುವ ಸಾಲು, ನಮ್ಮದರ ಜೊತೆ ಹೋಲಿಸಲು ಬಾಯಿ ಬರುವುದಿಲ್ಲ. ಆದರೆ ಆ ಉಜ್ಜುವಿಕೆ ಮಾತ್ರ ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಪ್ರತಿದಿನ ಬೆಳಿಗ್ಗೆ ಅದನ್ನು ಎದುರಿಗೆ ನಿಂತು ನೋಡಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ನಮ್ಮ ಊರು ಹರಪನಹಳ್ಳಿ. ಅಪ್ಪ ಒಂದು ಕಾಲೇಜಿನಲ್ಲಿ ಅಟೆಂಡರ್, ನಮ್ಮ ವಂಶದಲ್ಲಿ ತಿಂಗಳ ಸಂಬಳ ಕಂಡ ಮೊದಲಿಗರು. ನಾನು ಡಿಗ್ರಿ ಮುಗಿಸಿ ಕಂಡಕ್ಟರ್ ಹುದ್ದೆಗೆ ಅರ್ಜಿ ಹಾಕಿದ್ದೆ. ಪಟ್ಟಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಸಾಕಾಗಿ, ಕೂಡ್ಲಿಗಿಯ ದೊಡ್ಡಮ್ಮನ ಮನೆಗೆ ಬಂದು, ಅಲ್ಲಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿದ್ದ ಒಂದು ಮಿಡಿಸೌತೆ ಫ್ಯಾಕ್ಟರಿಗೆ ಸೆಕ್ಯೂರಿಟಿ ಗಾರ್ಡ್ ಆಗಿ ಸೇರಿದೆ. "ಭಾರತಿ, ಕಾಯೋದು ಒಂದು ಕೆಲಸ ಅಲ್ಲಮ್ಮ" ಎಂದು ಅಪ್ಪನೇ ಕಳಿಸಿಕೊಟ್ಟಿದ್ದರು.

ಮಿಡಿಸೌತೆಯನ್ನು ನಮ್ಮ ಕಡೆ ಬೆಳೆಯುತ್ತಾರೆ, ನಮ್ಮ ಕಡೆ ಯಾರೂ ತಿನ್ನುವುದಿಲ್ಲ. ಉಪ್ಪು, ವಿನೆಗರ್, ಸಬ್ಬಸಿಗೆ ಸೊಪ್ಪು ಹಾಕಿ ಡ್ರಮ್ಮುಗಳಲ್ಲಿ ತುಂಬಿ ಪರದೇಶಕ್ಕೆ ಕಳಿಸುತ್ತಾರೆ. ಕಾಯಿ ಚಿಕ್ಕದಿದ್ದಷ್ಟೂ ಅದಕ್ಕೆ ಮರ್ಯಾದೆ. ಸಂಜೆ ಬಳ್ಳಿಯಿಂದ ಬಿಡಿಸಿದ ಕಾಯಿ ನಸುಕಿಗೆ ಕ್ರೇಟುಗಳಲ್ಲಿ ಬಂದಿರುತ್ತದೆ. ಬಿಸಿಲು ಏರಿದರೆ ಮೆತ್ತಗಾಗುತ್ತದೆ. ಆದ್ದರಿಂದ ಗಾತ್ರ ನೋಡಿ ಬೇರೆ ಮಾಡುವ ಹೆಂಗಸರು ಆರು ಗಂಟೆಗೆಲ್ಲ ಒಳಗಿರಬೇಕು. ಗುಡೇಕೋಟೆ, ಉಜ್ಜಿನಿ, ಕೋಗಳಿ ಕಡೆಯಿಂದ ಮುನ್ನೂರು ಹೆಂಗಸರು ಕ್ರೂಸರ್ ಜೀಪುಗಳಲ್ಲಿ ಬರುತ್ತಿದ್ದರು. ಗೇಟು ತೆರೆಯುವುದು ಐದೂವರೆಗೆ, ಮುಚ್ಚುವುದು ಆರು ಹತ್ತಕ್ಕೆ. ಆರು ಹನ್ನೊಂದಕ್ಕೆ ಬಂದವರು ಬಂದ ದಾರಿಯಲ್ಲೇ ಊರಿಗೆ.

ಗೇಟಿನಲ್ಲಿ ಕಬ್ಬಿಣದ ಎರಡು ತಿರುಗುವ ಬಾಗಿಲುಗಳಿದ್ದವು. ಒಮ್ಮೆಗೆ ಒಬ್ಬರೇ ನುಗ್ಗಬೇಕು, ಮುಂದಿನ ಸರಳನ್ನು ಹೊಟ್ಟೆಯಿಂದ ತಳ್ಳಿಕೊಂಡು ಅರ್ಧ ಸುತ್ತು ಸುತ್ತಿದರೆ ಒಳಗೆ. ಹೆಂಗಸರು ಅದನ್ನು ಗಾಣ ಎಂದು ಕರೆಯುತ್ತಿದ್ದರು. "ಗಾಣಕ್ಕ ಬಿದ್ದು ಬಂದ್ನಿ" ಎಂದರೆ ಡ್ಯೂಟಿಗೆ ಬಂದೆ ಎಂದರ್ಥ.

ನನ್ನ ಮೊದಲ ದಿನ ಮಳೆ ಹನಿಯುತ್ತಿತ್ತು. ಆರು ಕ್ರೂಸರುಗಳು ಒಟ್ಟಿಗೆ ಬಂದು ನಿಂತವು, ಬಾಗಿಲು ತೆರೆದವು, ಅಷ್ಟೇ ನನಗೆ ನೆನಪು. ಆಮೇಲೆ ನಾನು ಕಂಬಕ್ಕೆ ಅಂಟಿಕೊಂಡಿದ್ದೆ. ಟೋಪಿ ಎಲ್ಲೋ ಹೋಗಿತ್ತು. ಪ್ರತಿಯೊಬ್ಬರನ್ನೂ ತಡವಿ ನೋಡಿ, ಬಳೆ, ಹೂವು, ಬಿಂದಿ, ಪಿನ್ನು, ಕಾಯಿಯಲ್ಲಿ ಬೀಳುವಂಥದ್ದು ಏನೂ ಒಳಗೆ ಹೋಗದಂತೆ ತೆಗೆಸಬೇಕೆಂದು ನನಗೆ ಹೇಳಿಕೊಟ್ಟಿದ್ದರು. ನನ್ನ ಎರಡು ಕೈಗಳೇ ನನಗೆ ಸಿಗುತ್ತಿರಲಿಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು, ಜೋರಿಲ್ಲ, ಆದರೆ ಉದ್ದವಾದ ದನಿ. "ಏ, ಆ ಹುಡುಗಿನ್ನ ಕಂಬಕ್ಕ ಹಚ್ಚಿ ಅರೀಬ್ಯಾಡ್ರಿ. ಗುಡೇಕೋಟಿಯವ್ರು ಎಡಕ್ಕ ಬರ್ರಿ, ಉಜ್ಜಿನಿಯವ್ರು ಬಲಕ್ಕ. ಕೋಗಳಿಯವ್ರು ನನ್ನ ಹಿಂದ."

ಸಾಲಾಯಿತು. ಹಾಗೆ ಹೇಳಿದವಳು ಗುಡೇಕೋಟೆಯ ಓಬಕ್ಕ. ಅರವತ್ತರ ಹತ್ತಿರದ ಹೆಂಗಸು, ಉದ್ದ ಆಳು, ಸೀರೆಯನ್ನು ಮೊಣಕಾಲ ಕೆಳಗೆ ಎತ್ತಿ ಕಟ್ಟುತ್ತಿದ್ದಳು. ಮನೆಯಲ್ಲಿ ಕುರಿಗಳಿದ್ದವು, ಗಂಡ ಮೇಯಿಸುತ್ತಿದ್ದ. ಫ್ಯಾಕ್ಟರಿ ಇನ್ನೂ ಒಂದು ತಗಡಿನ ಶೆಡ್ಡಾಗಿದ್ದ ಕಾಲದಿಂದ ಅವಳು ಅಲ್ಲಿದ್ದಳು. ನನ್ನ ಟೋಪಿಯನ್ನು ಕೆಸರಿನಿಂದ ಎತ್ತಿ ಕೊಡವಿ ಕೊಡುತ್ತ ಹೇಳಿದಳು. "ಕುರಿ ಕಾದ ಕೈ ಐತವ್ವ ಇದು. ಮುಂದಿಂದು ನೆಟ್ಟಗ ನಡದ್ರ ಹಿಂದಿನವು ತಾವ ಬರ್ತಾವ. ನೀ ಮುಂದಿಂದನ್ನ ನೋಡಿಕ್ಯಂಡ್ರ ಸಾಕು."

ಎರಡನೇ ಪಾಠವನ್ನೂ ಅವಳೇ ಕಲಿಸಿದಳು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿಗೆ "ಬಳೆ ತೆಗಿ" ಎಂದೆ. ಅವಳು ಅಳುತ್ತ ನಿಂತುಬಿಟ್ಟಳು. ಸಾಲು ನಿಂತಿತು. ಓಬಕ್ಕ ನನ್ನ ಕಿವಿಯ ಹತ್ತಿರ ಬಂದು, "ತೆಗಿ ಅನಬಾರ್ದವ್ವ ಮುತ್ತೈದೇರಿಗೆ. ಬಳಿ ಮಲಗ್ಸಿ ಬಾ ಅನ್ನು" ಎಂದಳು. ಹಾಗೆಂದೆ. ಹುಡುಗಿ ಕಣ್ಣೊರೆಸಿಕೊಂಡು ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಅವತ್ತಿನಿಂದ ಆ ಗೇಟಿನಲ್ಲಿ ಬಳೆಗಳು ಮಲಗಿದವು, ಹೂವು ಮೊಳೆಗೆ ತೂಗಿದವು, ಬಿಂದಿಗಳು ಕಂಬಕ್ಕೆ ಹೋದವು. ಬರುವಾಗ ಹಣೆಯಿಂದ ಕಿತ್ತು ಕಂಬಕ್ಕೆ ಅಂಟಿಸುವುದು, ಸಂಜೆ ಹೋಗುವಾಗ ಕಿತ್ತು ಹಣೆಗೆ. ಯಾರದ್ದು ಯಾರ ಹಣೆಗೆ ಹೋಗುತ್ತಿತ್ತೋ. ಮರೆತು ಹೋದವು ಅಲ್ಲೇ ಉಳಿದು, ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಂಬ ಬುಡದಿಂದ ನನ್ನ ತಲೆಯವರೆಗೆ ಕೆಂಪಾಗಿತ್ತು. ಕಾಯಿ ಕೊಳ್ಳಲು ಬಂದ ಪರದೇಶದವರೊಬ್ಬರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಏನೋ ದೇವರೆಂದು ಅವರು ತಿಳಿದಿರಬೇಕು, ಚಪ್ಪಲಿ ಬಿಟ್ಟಿದ್ದರು.

ಆ ನಲವತ್ತು ನಿಮಿಷ ನನಗೆ ದಿನದ ಅತಿ ಒಳ್ಳೆಯ ಹೊತ್ತಾಯಿತು. ಯಾರ ಮಗಳಿಗೆ ಗಂಡು ಬಂದಿದೆ, ಯಾರ ಎಮ್ಮೆ ಈದಿದೆ, ಕೋಗಳಿಯಲ್ಲಿ ಎಷ್ಟು ಮಳೆ, ಉಜ್ಜಿನಿಯಲ್ಲಿ ಯಾಕಿಲ್ಲ, ಎಲ್ಲವೂ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಓಬಕ್ಕನನ್ನು ತಡವುವಾಗ ಅವಳು ಎರಡೂ ಕೈ ಎತ್ತಿ, "ನೋಡವ್ವ, ನನ್ನ ಗಂಡನೂ ಇಷ್ಟು ಹುಡುಕಿದ್ದಿಲ್ಲ" ಎನ್ನುತ್ತಿದ್ದಳು. ಹಿಂದಿನ ಇಪ್ಪತ್ತು ಜನ ನಗುತ್ತಿದ್ದರು, ದಿನವೂ, ಅದೇ ಮಾತಿಗೆ.

ದೀಪಾವಳಿಯಾದ ಮೇಲೆ ಯಂತ್ರ ಬಂತು.

ಗಾಣದ ಪಕ್ಕ ಕರಿ ಡಬ್ಬಿಯೊಂದನ್ನು ಕೂರಿಸಿದರು. ಹೆಬ್ಬೆರಳು ಒತ್ತಿದರೆ ಹಸಿರು ದೀಪ ಹತ್ತಿ ಗಾಣ ಸುತ್ತುತ್ತದೆ, ಕೆಂಪು ಹತ್ತಿದರೆ ಸುತ್ತುವುದಿಲ್ಲ. ಬೆಂಕಿಗಿಂಕಿ ಬಿದ್ದಾಗ ಗಾಣವನ್ನೇ ಪೂರ್ತಿ ತೆರೆಯಲು ಒಂದು ಕೀಲಿ ಇತ್ತು, ಅದು ನನ್ನ ಹತ್ತಿರ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಟೈಮ್ ಆಫೀಸಿನ ಮಂಜುನಾಥ್ ಸರ್. ದಾವಣಗೆರೆಯವರು, ನನಗಿಂತ ಮೂರು ವರ್ಷ ದೊಡ್ಡವರಿರಬಹುದು, ಕೆಟ್ಟವರಲ್ಲ. ಮೇಲಿನವರು ಫೋನ್ ಮಾಡಿದಾಗ ಎದ್ದು ನಿಂತು ಮಾತಾಡುತ್ತಿದ್ದರು, ಅಷ್ಟೇ.

ಮೊದಲ ದಿನವೇ ಓಬಕ್ಕನಿಗೆ ಕೆಂಪು. ಒರೆಸಿ ಒತ್ತಿದಳು, ಕೆಂಪು. ಸೆರಗಿಗೆ ಉಜ್ಜಿ, ತಲೆಯ ಎಣ್ಣೆ ಹಚ್ಚಿ, ಕೆನ್ನೆಗೆ ತಿಕ್ಕಿ, ಬಾಯಿಂದ ಉಸಿರು ಬಿಟ್ಟು ಒತ್ತಿದಳು. ಕೆಂಪು, ಕೆಂಪು, ಕೆಂಪು. ಮಂಜುನಾಥ್ ಸರ್ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಉಪ್ಪುನೀರು, ಕುರಿಯ ಉಣ್ಣೆ, ಹುಣಸೆಹಣ್ಣು ಬಿಡಿಸಿದ್ದು, ಹಗ್ಗ ಹೊಸೆದದ್ದು, ಎಲ್ಲ ಸೇರಿ ಆ ಹೆಬ್ಬೆರಳನ್ನು ನದಿಯ ಕಲ್ಲಿನ ಹಾಗೆ ನುಣುಪು ಮಾಡಿಬಿಟ್ಟಿದ್ದವು. ಒಂದು ಗೆರೆಯೂ ಇರಲಿಲ್ಲ.

"ರೇಷನ್ ಅಂಗಡ್ಯಾಗೂ ಹಿಂಗ ಆಕ್ಕೈತ್ರಿ ಸಾಹೇಬ್ರ" ಎಂದಳು ಓಬಕ್ಕ. "ನಾ ಅದೀನಿ, ನನ್ನ ಗುರುತಿಲ್ಲ."

ಅವಳಂಥವರು ಒಟ್ಟು ಹನ್ನೆರಡು ಮಂದಿ ಸಿಕ್ಕರು. ಎಲ್ಲರೂ ಹಳಬರು. ಕೆಲವು ತಿಂಗಳು ಅವರ ಹೆಸರನ್ನು ನಾನು ಪುಸ್ತಕದಲ್ಲಿ ಬರೆದು ಕೀಲಿಯಿಂದ ಒಳಗೆ ಬಿಡುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಮೇಲಿನಿಂದ ಒಂದು ಕಾಗದ ಬಂತು. ಹದಿನೈದು ದಿನದ ಮೇಲೆ ಪುಸ್ತಕದಲ್ಲಿ ಬರೆಯುವಂತಿಲ್ಲ, ಅಷ್ಟರೊಳಗೆ ಬೆರಳು ಒಪ್ಪದವರನ್ನು ಕೆಲಸದಿಂದ ಕೈಬಿಡಬೇಕು.

ಆ ಸಂಜೆ ಹನ್ನೆರಡು ಜನಕ್ಕೆ ಅದನ್ನು ಓದಿ ಹೇಳಿದವಳು ನಾನು. ಯಾರೂ ಕೂಗಾಡಲಿಲ್ಲ. ಕೋಗಳಿಯ ಗಂಗಮ್ಮ ಎನ್ನುವವಳು, ಮಾತೇ ಆಡದ ವಿಧವೆ, ಎರಡೂ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು, ಮುಚ್ಚಿಕೊಂಡಳು. ಓಬಕ್ಕ ಮಾತ್ರ ಕೇಳಿದಳು. "ಬೆರಳು ಸವದಿದ್ದು ಇವರ ಕೆಲಸದಾಗ. ಸವದೈತಿ ಅಂತ ಬಿಡಸಾದೂ ಇವರ. ಇದ್ಯಾವ ನ್ಯಾಯವ್ವ ಭಾರತಿ?"

ಮರುದಿನ ಮಂಜುನಾಥ್ ಸರ್ ಹತ್ತಿರ ಹೋಗಿ, ಹೆಬ್ಬೆರಳೇ ಯಾಕೆ ಬೇಕು, ಬೇರೆ ಬೆರಳು ಆಗುವುದಿಲ್ಲವೇ ಎಂದು ಕೇಳಿದೆ.

"ಹತ್ತರಲ್ಲಿ ಯಾವ್ದಾದ್ರೂ ಆಗುತ್ತೆ" ಎಂದರು ಅವರು. "ಅವರ ಹತ್ತೂ ಹಂಗೇ ಅದಾವಲ್ಲ."

"ಹತ್ತೂ ನೋಡೀರಾ ಸರ್?"

ಅವರು ನೋಡಿರಲಿಲ್ಲ.

ಮುಂದಿನ ಭಾನುವಾರ ಹನ್ನೆರಡು ಮಂದಿಯನ್ನೂ ಕರೆಸಿದೆವು. ಕ್ರೂಸರ್ ಓಡಿಸುವ ಬಾಷಾ ಅಣ್ಣ ತಾನಾಗಿಯೇ ಹೋಗಿ ಕರೆತಂದ. ಹಿಂದಿನ ನಾಲ್ಕೈದು ದಿನ ಎಲ್ಲರೂ ರಾತ್ರಿ ಕೈಗೆ ಶೇಂಗಾ ಎಣ್ಣೆ ಹಚ್ಚಿಕೊಂಡು ಬಟ್ಟೆ ಸುತ್ತಿ ಮಲಗಬೇಕೆಂದು ನಾನು ಹೇಳಿದ್ದೆ. ದೊಡ್ಡಮ್ಮನಿಂದ ಕೇಳಿ ತಿಳಿದ ಔಷಧಿ. ಓಬಕ್ಕನ ಗಂಡ, "ಬಾಣಂತಿಗಿಂತ ಹೆಚ್ಚಾತು ನಿನ್ನ ಆರೈಕಿ" ಎಂದು ಬೈದನಂತೆ, ಆದರೆ ಗಂಟು ಕಟ್ಟಿದವನೂ ಅವನೇ. ಗೇಟಿನ ಮುಂದೆ ಬಿಸಿನೀರಿನ ಬಕೆಟ್ಟು ಇಟ್ಟು, ಒಬ್ಬೊಬ್ಬರ ಕೈಯನ್ನು ಅದ್ದಿಸಿ, ಒರೆಸಿ, ಒಂದೊಂದೇ ಬೆರಳು ಒತ್ತಿಸಿದೆವು. ಉಜ್ಜಿನಿಯ ಇಬ್ಬರಿಗೆ ಉಂಗುರದ ಬೆರಳು ಒಪ್ಪಿತು. ಇನ್ನೊಬ್ಬಳಿಗೆ ನಡುಬೆರಳು. ಹಸಿರು ಹತ್ತಿದಾಗಲೆಲ್ಲ ಬಾಷಾ ಅಣ್ಣ ಕ್ರೂಸರಿನ ಹಾರ್ನ್ ಒತ್ತುತ್ತಿದ್ದ.

ಓಬಕ್ಕನ ಬಲಗೈಯ ಐದೂ ಕೆಂಪು. ಎಡಗೈಯ ನಾಲ್ಕು ಕೆಂಪು. ಉಳಿದದ್ದು ಎಡಗೈಯ ಕಿರುಬೆರಳು. ಅವಳು ಅದನ್ನು ಒತ್ತಲು ಮನಸ್ಸಿಲ್ಲದೆ ಹಿಡಿದು ನಿಂತಳು. ಇದೂ ಆಗದಿದ್ದರೆ ಮುಂದೇನೂ ಇಲ್ಲವಲ್ಲ. "ಒತ್ರಿ ಓಬಕ್ಕ" ಎಂದೆ. ಕಣ್ಣು ಮುಚ್ಚಿ ಒತ್ತಿದಳು.

ಹಾರ್ನ್ ಕೇಳಿ ಕಣ್ಣು ಬಿಟ್ಟಳು. ಆ ಬೆರಳನ್ನು ಮುಖದ ಹತ್ತಿರ ತಂದು ನೋಡಿದಳು. "ಅರವತ್ತು ವರ್ಷ ಕುಂತು ಉಂಡಿದ್ದು ಇದೊಂದ ನೋಡು. ಒಂದಿನಾ ಕೆಲಸ ಮಾಡಿದ್ದಿಲ್ಲ. ಇವತ್ತು ಮನಿ ಉಳಿಸ್ತು."

ಹನ್ನೊಂದು ಜನಕ್ಕೆ ಹಸಿರಾಯಿತು. ಗಂಗಮ್ಮನಿಗೆ ಆಗಲಿಲ್ಲ. ಹತ್ತು ಬೆರಳನ್ನೂ ಮೂರು ಮೂರು ಸಲ ಒತ್ತಿಸಿದೆವು. ಮಧ್ಯಾಹ್ನವಾಯಿತು. ಅವಳೇ ಕೊನೆಗೆ ಕೈ ಹಿಂದಕ್ಕೆ ತೆಗೆದುಕೊಂಡು, "ಸಾಕು ಬಿಡ್ರಿ, ನಿಮ್ಗೂ ಹೊತ್ತಾತು" ಎಂದಳು. ಮಂಜುನಾಥ್ ಸರ್ ಮೇಲಿನವರಿಗೆ ಫೋನ್ ಮಾಡಿ, ಒಬ್ಬಳಿಗಾದರೂ ಬೆರಳಿನ ಬದಲು ಯಂತ್ರಕ್ಕೆ ತೋರಿಸುವ ಕಾರ್ಡು ಕೊಡಬಹುದೇ ಎಂದು ಕೇಳಿದರು. ಎದ್ದು ನಿಂತೇ ಕೇಳಿದರು. ಆಗುವುದಿಲ್ಲವೆಂದರಂತೆ.

ಗಡುವು ಮುಗಿದ ಬೆಳಿಗ್ಗೆ ಗಂಗಮ್ಮ ಎಂದಿನಂತೆ ಬಂದಳು. ಒಳಗೆ ಹೋಗಲಿಕ್ಕಲ್ಲ, ತನ್ನ ಊಟದ ಡಬ್ಬಿ ಒಳಗಿತ್ತು, ಹೊರಗೆ ತರಿಸಿಕೊಂಡು ಹೋಗಲಿಕ್ಕೆ. ಸಾಲಿನ ಪಕ್ಕದಲ್ಲಿ ನಿಂತಳು. ಒಂದು ಗಾಣ ಹಿಂದಿನ ದಿನವಷ್ಟೇ ಕೆಟ್ಟಿತ್ತು, ಆದ್ದರಿಂದ ಎಲ್ಲರೂ ಒಂದರಲ್ಲೇ ಹೋಗಬೇಕಿತ್ತು. ಓಬಕ್ಕನ ಸರದಿ ಬಂತು. ಕಿರುಬೆರಳು ಒತ್ತಿದಳು, ಹಸಿರು ಹತ್ತಿತು, ಗಾಣದೊಳಗೆ ಕಾಲಿಟ್ಟಳು. ಕಾಲು ಸುತ್ತು ಸುತ್ತಿ ಅಲ್ಲೇ ನಿಂತಳು.

ಹಿಂದೂ ಸರಳು, ಮುಂದೂ ಸರಳು, ನಡುವೆ ಓಬಕ್ಕ. ಹಿಂದೆ ಇನ್ನೂರೈವತ್ತು ಜನ.

"ನಡೀರಿ ಓಬಕ್ಕ" ಎಂದೆ.

"ಕಾಲು ನೋಯ್ತೈತವ್ವ. ಸ್ವಲ್ಪ ನಿಂದರ್ತೀನಿ."

ಐದು ಮುಕ್ಕಾಲು ಆಯಿತು, ಆರಾಯಿತು. ಸಾಲಿನಲ್ಲಿ ಯಾರೂ ತಳ್ಳಲಿಲ್ಲ. ಇನ್ನೂರೈವತ್ತು ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಆ ವರ್ಷ ನೋಡಿದ್ದು ಅದೊಂದೇ ಸಲ. ಒಳಗೆ ಕ್ರೇಟುಗಳಲ್ಲಿ ಕಾಯಿ ಕಾಯುತ್ತಿತ್ತು. ಫಾಲ್ಗುಣದ ಬಿಸಿಲು, ಏಳಕ್ಕೆಲ್ಲ ಕ್ರೇಟುಗಳ ಮೇಲಿನ ತಗಡಿನ ಮಾಡು ಕಾದುಬಿಡುತ್ತದೆ. ಮಂಜುನಾಥ್ ಸರ್ ಓಡಿ ಬಂದರು.

"ಏನ್ರೀ ಇದು? ಭಾರತಿ, ಕೀ ಹಾಕಿ ತೆಗೀರಿ."

ಕೀಲಿ ನನ್ನ ಷರ್ಟಿನ ಜೇಬಿನಲ್ಲಿತ್ತು. ಅದರ ತೂಕ ನನ್ನ ಎದೆಗೆ ತಾಗುತ್ತಿತ್ತು. ನಾನು ಹೇಳಿದೆ. "ಸಿಕ್ತಿಲ್ಲ ಸರ್."

ಅವರು ನನ್ನನ್ನು ನೋಡಿದರು. ಆಮೇಲೆ ಓಬಕ್ಕನನ್ನು.

"ಸಾಹೇಬ್ರ, ನಾ ಏನೂ ಗಲಾಟಿ ಮಾಡವಲ್ಲೆ" ಎಂದಳು ಓಬಕ್ಕ ಸರಳುಗಳ ನಡುವಿನಿಂದ, ತೀರ ಮೆತ್ತಗೆ. "ಗಂಗವ್ವನ ಕಡೆ ಒಂದ್ಸಲ ನೋಡ್ರಿ. ಆ ಕರಿ ಡಬ್ಬಿಗೆ ಅಕಿ ಬೆರಳು ಗೊತ್ತಿಲ್ಲ. ನಮಗ ಅಕಿ ಗೊತ್ತದಾಳ. ಮುನ್ನೂರು ಮಂದಿ ಸಾಕ್ಷಿ ಹೇಳ್ತೀವಿ. ಒಂದು ಚೀಟಿ ಬರೀರಿ, ಎಲ್ಲಾರೂ ಅದಕ್ಕ ಹೆಬ್ಬೆಟ್ಟು ಒತ್ತತೀವಿ. ಗೆರಿ ಇದ್ದವ್ರು ಒತ್ತತಾರ, ಇಲ್ಲದವ್ರು ಬರೇ ಮಸಿ ಹಚ್ಚತೀವಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಜುನಾಥ್ ಸರ್ ಮುಖದಲ್ಲೂ ಏನೋ ಸಡಿಲವಾಯಿತು. ಅವರು ಫೋನ್ ತೆಗೆದು ಗೋಡೆಯ ಹತ್ತಿರ ಹೋದರು. ಈ ಸಲ ಅವರು ಹೇಗೂ ನಿಂತೇ ಇದ್ದರು, ಮಾತು ಮಾತ್ರ ಬೇರೆಯಾಗಿತ್ತು. "ಇಲ್ಲ ಸರ್, ನಾನೇ ಜವಾಬ್ದಾರಿ. ನಾನೇ ಸಹಿ ಮಾಡ್ತೀನಿ. ಒಂದು ಕಾರ್ಡಿಗೆ ಇವತ್ತಿನ ಮಾಲು ಕಳ್ಕೊಳೋದು ಬ್ಯಾಡ ಸರ್" ಎನ್ನುವುದು ನಮಗೆಲ್ಲ ಕೇಳಿಸಿತು. ಆರು ಐದಕ್ಕೆ ಬಂದು ನನ್ನ ಪುಸ್ತಕದಲ್ಲಿ ಗಂಗಮ್ಮನ ಹೆಸರು ಬರೆದು, ಕಾರ್ಡ್ ಕೊಡತಕ್ಕದ್ದು ಎಂದು ಕೆಳಗೆ ಸಹಿ ಹಾಕಿದರು.

"ಕಾಲುನೋವು ಹೋತು" ಎಂದು ಓಬಕ್ಕ ಸರಳು ತಳ್ಳಿ ಒಳಗೆ ನಡೆದಳು.

ಅವತ್ತು ಗೇಟನ್ನು ಆರೂವರೆಗೆ ಮುಚ್ಚಿದೆವು. ಸಂಜೆ ಮಂಜುನಾಥ್ ಸರ್ ಹಾಜರಿ ನೋಡುತ್ತ, ತಲೆ ಎತ್ತದೆ ಕೇಳಿದರು. "ಕೀ ಸಿಕ್ತಾ?"

"ಸಿಕ್ತು ಸರ್."

"ಎಲ್ಲಿತ್ತು?"

"ಜೇಬಲ್ಲೇ ಇತ್ತು ಸರ್."

ಅವರು ಒಂದು ಪುಟ ತಿರುಗಿಸಿದರು. "ಇನ್ಮೇಲೆ ನೋಡ್ಕೊಂಡು ಇಟ್ಕೋರಿ" ಎಂದರು.

ಯುಗಾದಿ ಕಳೆದು ಎರಡು ತಿಂಗಳಿಗೆ ನನ್ನ ಹೆಸರು ಕಂಡಕ್ಟರ್ ಪಟ್ಟಿಯಲ್ಲಿ ಬಂತು. ಗೇಟಿನಲ್ಲಿ ನನ್ನ ಕೊನೆಯ ದಿನ ಓಬಕ್ಕ ಕೇಳಿದಳು. "ಒಂದು ವರ್ಷ ನಮ್ಮನ್ನ ಒಳಗ ಬಿಟ್ಟಿ. ನೀ ಯಾವತ್ತರ ಒಳಗ ಬಂದೀಯೇನು?"

ನಿಜ, ಹೋಗಿರಲಿಲ್ಲ. ಗಾರ್ಡುಗಳು ಗೇಟು ಬಿಟ್ಟು ಕದಲುವಂತಿರಲಿಲ್ಲ. ಮಂಜುನಾಥ್ ಸರ್ ಹತ್ತು ನಿಮಿಷ ತಾವೇ ಗೇಟಿನಲ್ಲಿ ನಿಂತರು. ಬಿಳಿ ಕೋಟು ಹಾಕಿ, ಟೋಪಿಯೊಳಗೆ ಕೂದಲು ತುಂಬಿ, ಮಾಸ್ಕ್ ಕಟ್ಟಿಕೊಂಡು ನಾನು ಒಳಗೆ ಹೋದೆ. ದೊಡ್ಡ ಹಾಲ್, ತಣ್ಣಗಿತ್ತು. ಸಬ್ಬಸಿಗೆ, ವಿನೆಗರ್ ವಾಸನೆ ಮೂಗಿಗೆ ಅಡರಿತು. ಉದ್ದನೆಯ ಬೆಲ್ಟುಗಳ ಮೇಲೆ ಹಸಿರು ಕಾಯಿಗಳು ಹರಿಯುತ್ತಿದ್ದವು. ಎರಡೂ ಕಡೆ ಮುನ್ನೂರು ಜನ, ಬಿಳಿ ಕೋಟು, ಬಿಳಿ ಟೋಪಿ, ಬಿಳಿ ಮಾಸ್ಕ್. ಒಬ್ಬರ ಗುರುತೂ ಹತ್ತಲಿಲ್ಲ. ಪ್ರತಿದಿನ ಸೊಂಟ ಮುಟ್ಟಿ ಮಾತಾಡಿಸಿ ಕಳಿಸಿದವರೆಲ್ಲ ಒಂದೇ ಆಗಿ ನಿಂತಿದ್ದರು.

"ಹೇಳ್ರಿ, ನಾ ಯಾರು?" ಎಂದಿತು ಒಂದು ಮಾಸ್ಕ್.

"ಉಜ್ಜಿನಿ ಶಾರದಮ್ಮ" ಎಂದೆ. ತಪ್ಪು. ಎಲ್ಲರೂ ನಕ್ಕರು. ಇನ್ನೊಬ್ಬಳು ಕೇಳಿದಳು, ಅದೂ ತಪ್ಪು. ಆ ಸಾಲಿನಿಂದ ಈ ಸಾಲಿಗೆ ಪ್ರಶ್ನೆ ಹಾರಾಡಿತು. ಗಂಗಮ್ಮ ಕೂಡ ಕೇಳಿದಳು, ದನಿಯಿಂದ ಅವಳೊಬ್ಬಳನ್ನು ಹಿಡಿದೆ. ಅವಳು ಕಾರ್ಡನ್ನು ಕೋಟಿನ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿಕೊಂಡಿದ್ದಳು, ಅದನ್ನು ಆಮೇಲೆ ನೋಡಿದೆ.

ಓಬಕ್ಕ ಎಲ್ಲಿ? ಯಾರೂ ಹೇಳಲಿಲ್ಲ. ಉದ್ದ ಇದ್ದವರನ್ನೆಲ್ಲ ನೋಡುತ್ತ ಬಂದೆ. ಎಲ್ಲರ ಕಣ್ಣೂ ಬೆಲ್ಟಿನ ಮೇಲಿತ್ತು. ನನ್ನ ಕಡೆ ಒಮ್ಮೆ ನೋಡಿದರೆ ಕೈ ನಿಲ್ಲುತ್ತಿತ್ತು, ಮತ್ತೆ ಕಾಯಿಯ ಕಡೆ ನೋಡಿದ ಮೇಲೆ ಕೈ ನಡೆಯುತ್ತಿತ್ತು. ಮೂರನೇ ಬೆಲ್ಟಿನ ಕೊನೆಯಲ್ಲಿ ಒಬ್ಬಳು ನಾನು ಬಾಗಿಲಿನಿಂದ ಬಂದಾಗಿನಿಂದ ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳ ಕೈ ಮಾತ್ರ ಒಂದು ಕ್ಷಣವೂ ನಿಂತಿರಲಿಲ್ಲ. ಬೆರಳುಗಳು ಕಾಯಿಯನ್ನು ಮುಟ್ಟಿ, ತೂಗಿ, ಚಿಕ್ಕದನ್ನು ಎಡಕ್ಕೆ, ದೊಡ್ಡದನ್ನು ಬಲಕ್ಕೆ ಹಾಕುತ್ತಿದ್ದವು, ಒಂದೂ ತಪ್ಪುತ್ತಿರಲಿಲ್ಲ.

ನಾನು ಹೋಗಿ ಅವಳ ಎದುರು ನಿಂತು, "ಓಬಕ್ಕ" ಎಂದೆ. ಮಾಸ್ಕಿನ ಮೇಲಿನ ಕಣ್ಣು ನಕ್ಕಿತು.